ಸಮುದ್ರವಿಲ್ಲದ ಊರಿನ ನಾವಿಕರು

‘ಆಂಟಿ, ನಮ್ಮೂರಲ್ಲಿ ಸಮುದ್ರಾನೇ ಇಲ್ಲ. ಮಿಲ್ಲಿನವ್ರು ನೇವಿಗೆ ಯಾಕೆ ಹೋದ್ರು?’ ಇಂಗ್ಲೆಂಡಿನ ಲ್ಯಾಂಕಾಶೈರಿನ ನಮ್ಮೂರಿನ ಯುದ್ಧಸ್ಮಾರಕವನ್ನು ಶಾಲೆಯಿಂದ ನೋಡಿ, ಅಲ್ಲಿ ಜಟ್ಲೆಂಡಿನಲ್ಲಿ ಸತ್ತ ನಾವಿಕನ ಹೆಸರು ಓದಿಕೊಂಡು ಬಂದ ಹುಡುಗ ಕನ್ನಡ ತರಗತಿಯಲ್ಲಿ ಕೇಳಿದ್ದು. ದೀಪಾವಳಿ ಬಗ್ಗೆ ಬರೆಯಬೇಕಿದ್ದ ಸಂಪಾದಕೀಯ ಅಲ್ಲಿಗೇ ದಾರಿ ತಪ್ಪಿತು.

ಕಲ್ಲಿದ್ದಲು ಸುರಿಯಲು ಹೋದರಪ್ಪ. ಮೊದಲ ಮಹಾಯುದ್ಧದಲ್ಲಿ, 1916ರ ಮೇ 31ರಂದು, ಜರ್ಮನರ ಜೊತೆಗಿನ ಜಟ್ಲೆಂಡ್ ನೌಕಾಕದನದಲ್ಲಿ ಮುಳುಗಿದ ಬ್ರಿಟಿಷ್ ಯುದ್ಧನೌಕೆ ‘ಕ್ವೀನ್ ಮೇರಿ’ಯಲ್ಲಿ 42 ಬಾಯ್ಲರ್‌ಗಳಿದ್ದವು. ಬಾಯ್ಲರ್ ಒಲೆಗೆ ಕಲ್ಲಿದ್ದಲು ಹಾಕುವ ಸ್ಟೋಕರ್ ಆಗಲು ಸಮುದ್ರ ನೋಡಿರಬೇಕಿಲ್ಲ, ರಟ್ಟೆ ಗಟ್ಟಿಯಿದ್ದರೆ ಸಾಕು.

ದಾವಣಗೆರೆಯಲ್ಲಿ ನಮ್ಮಜ್ಜನದೂ ಅದೇ ಕೆಲಸ, ಹತ್ತಿ ಮಿಲ್ಲಿನ ಬಾಯ್ಲರ್ ಮನೆಯಲ್ಲಿ. ಪಾಳಿ ಮುಗಿಸಿ ಬಂದರೆ ಅಜ್ಜಿ ಮುಂಬಾಗಿಲಿಂದ ಬಿಡುತ್ತಿರಲಿಲ್ಲ. ಹಿತ್ತಲ ಬಚ್ಚಲಲ್ಲಿ ಸೀಗೆಪುಡಿ ಹಾಕಿ ತಿಕ್ಕಿದರೂ ಕಿವಿ ಹಿಂದಿನ, ಉಗುರು ಸಂದಿನ ಮಸಿ ಹೋಗುತ್ತಿರಲಿಲ್ಲ. ಬೇರೆಯವರು ಹಂಡೆ ಒಲೆಗೆ ಸೌದೆ ತುರುಕಿದರೆ ಅಜ್ಜ ಸಹಿಸುತ್ತಿರಲಿಲ್ಲ. ಒಲೆಯ ಸದ್ದು ಕೇಳಿಯೇ ‘ಗಾಳಿ ಸಾಲ್ತಿಲ್ಲ, ಬೂದಿ ತೆಗೀರಿ’ ಅನ್ನುತ್ತಿದ್ದರು. ಪಾಳಿ ಸೈರನ್ ಕೂಗಿದ ಮೇಲೆ ಹತ್ತು ನಿಮಿಷ ತಡವಾದರೂ ಅಜ್ಜಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಬಾಯ್ಲರ್ ಅಂದರೆ ಆ ಭಯ ಇದ್ದೇ ಇತ್ತು.

‘ಕ್ವೀನ್ ಮೇರಿ’ಯನ್ನು ಮುಳುಗಿಸಿದ್ದು ಬಾಯ್ಲರ್ ಅಲ್ಲ, ಸಿಡಿಮದ್ದು. ಶೆಲ್ ಬಿದ್ದು ಹತ್ತಿದ ಬೆಂಕಿ ಮದ್ದಿನ ಕೋಣೆಗೆ ಇಳಿಯಿತು. ಬೇಗ ಬೇಗ ಗುಂಡು ಹಾರಿಸಲೆಂದು ಆ ಹಡಗುಗಳಲ್ಲಿ ಫಿರಂಗಿಗೂ ಮದ್ದಿನ ಕೋಣೆಗೂ ಮಧ್ಯದ ಬಾಗಿಲುಗಳನ್ನು ತೆರೆದಿಡುತ್ತಿದ್ದರಂತೆ. ಅದೊಂದೇ ಹಡಗಿನಲ್ಲಿ 1,266 ಜನ ಸತ್ತರು, ಕದನದಲ್ಲಿ ಒಟ್ಟು 6,000ಕ್ಕೂ ಹೆಚ್ಚು ಬ್ರಿಟಿಷರು. ತೀರಾ ಕೆಳಗಿದ್ದ ಸ್ಟೋಕರ್‌ಗಳಿಗೆ ಮೇಲೆ ಏನಾಯಿತೆಂದು ತಿಳಿಯುವಷ್ಟೂ ಹೊತ್ತಿರಲಿಲ್ಲವೇನೋ. ಜೂನ್ 2ರ ರಾತ್ರಿ ಸರ್ಕಾರದ ಪ್ರಕಟಣೆಯಲ್ಲಿ ಬಂದದ್ದು ಹಡಗುಗಳ ಹೆಸರು. ಮಗ ಯಾವ ಹಡಗಿನಲ್ಲಿದ್ದಾನೆಂದು ತಾಯಿಗೆ ಗೊತ್ತಲ್ಲ, ಅಷ್ಟು ಸಾಕು.

ಲ್ಯಾಂಕಾಶೈರಿನಲ್ಲಿ ಎಲ್ಲರ ಬಾಯಲ್ಲಿರುವುದು ‘ಆಕ್ರಿಂಗ್ಟನ್ ಪಾಲ್ಸ್’, ಆಕ್ರಿಂಗ್ಟನ್ ಸುತ್ತಿನ ಗೆಳೆಯರು ಒಟ್ಟಿಗೆ ಸೇರಿದ್ದ ಸೇನಾ ದಳ. ಜಟ್ಲೆಂಡ್ ಆಗಿ ತಿಂಗಳಿಗೆ, ಜುಲೈ 1ರಂದು, ಫ್ರಾನ್ಸಿನ ಸೋಮ್ ಕದನದಲ್ಲಿ ಆ ದಳದ ಸುಮಾರು 700 ಮಂದಿಯಲ್ಲಿ 584 ಮಂದಿ ಸತ್ತರು, ಗಾಯಗೊಂಡರು ಇಲ್ಲವೇ ಕಾಣೆಯಾದರು. ಬೀದಿ ಬೀದಿಯೇ ಅಳುತ್ತಿದ್ದಾಗ ತಿಂಗಳ ಹಿಂದೆ ಒಬ್ಬನನ್ನು ಕಳಕೊಂಡ ಮನೆಯನ್ನು ವಿಚಾರಿಸುವವರು ಯಾರು? ಅವನಿಗೆ ಸಮಾಧಿಯೂ ಇಲ್ಲ. ಹೆಸರು ದೂರದ ಪೋರ್ಟ್ಸ್‌ಮತ್, ಪ್ಲಿಮತ್ ಅಥವಾ ಚ್ಯಾಟಮ್‌ನ ನೌಕಾ ಸ್ಮಾರಕದಲ್ಲಿ. ಮಿಲ್ಲಿನ ಕೂಲಿಯಲ್ಲಿ ಅಲ್ಲಿಗೆ ಹೋಗಿ ಬರುವುದು ಸುಲಭವಾ? ಹಾಗಾಗಿ ಊರಿನ ಕಲ್ಲಿನ ಮೇಲಿನ ಆ ಒಂದು ಸಾಲನ್ನು ಹುಡುಗ ಓದಿದ್ದು ನನಗೆ ದೊಡ್ಡದೆನಿಸಿತು.

ಸರಿ, ಸೂಚನೆಗಳು. ನವೆಂಬರ್ ಎರಡನೇ ಭಾನುವಾರ ಬೆಳಿಗ್ಗೆ 11ಕ್ಕೆ ಸ್ಮಾರಕದ ಬಳಿ ಮೌನಾಚರಣೆ, ಆದ್ದರಿಂದ ಕನ್ನಡ ತರಗತಿ ಮಧ್ಯಾಹ್ನ 2ಕ್ಕೆ. ರಾಜ್ಯೋತ್ಸವ ಅದರ ಮುಂದಿನ ಶನಿವಾರ. ಮಕ್ಕಳ ನೃತ್ಯದ ಹೆಸರು ಈ ವಾರವೇ ಕೊಡಿ. ಬಿಸಿಬೇಳೆಬಾತಿಗೆ ಜನ ಇದ್ದಾರೆ, ಪಾತ್ರೆ ತೊಳೆಯಲು ಇಲ್ಲ. ಚಂದಾ ಬಾಕಿಯವರು ಖಜಾಂಚಿಯನ್ನು ಕಂಡರೆ ಅಡ್ಡದಾರಿ ಹಿಡಿಯಬೇಡಿ. ಮತ್ತೆ, ಈ ಪುಟಗಳನ್ನು ಜೋಡಿಸಲು ಯಾರಾದರೂ ಒಬ್ಬರು ಬನ್ನಿ, ಕಂಪ್ಯೂಟರ್ ಬರದಿದ್ದರೂ ಪರವಾಗಿಲ್ಲ, ನಾನು ಹೇಳಿಕೊಡುತ್ತೇನೆ.