ರೂನ್‌ಗಳನ್ನು ಕೈಗೆತ್ತಿಕೊಳ್ಳುವ ಮುನ್ನ: ಗೆಳೆಯನಿಗೊಂದು ಪತ್ರ

ಪ್ರಿಯ ಶ್ರೀಧರ,

ನಿನ್ನ ಪತ್ರವೂ ಅದರ ಜೊತೆಗಿದ್ದ ಪಟ್ಟಿಯೂ ತಲುಪಿದವು. ಕೈಯಿಟ್ಟು ಶಕ್ತಿ ಹರಿಸುವ ನಿನ್ನ ಜಪಾನಿ ಪದ್ಧತಿ ರೇಖಿಯ ಚಿಹ್ನೆಗಳ ಜೊತೆಗೆ ಇನ್ನು ಮುಂದೆ ಉತ್ತರ ಯುರೋಪಿನ ಹಳೆಯ ಅಕ್ಷರಗಳಾದ ರೂನ್‌ಗಳನ್ನೂ ಬಳಸುವ ಯೋಚನೆಯಿದೆ, ಏಳು ಚಕ್ರಗಳಿಗೆ ಏಳು ರೂನ್ ಹೊಂದಿಸಿದ್ದೇನೆ, ನೋಡಿ ಹೇಳು ಎಂದಿದ್ದೀಯ. ಈ ಅಕ್ಷರಗಳ ಹಿಂದೆ ಬಿದ್ದವನು ನಾನು ಎಂಬ ಕಾರಣಕ್ಕೇ ಕೇಳಿದ್ದೀಯ. ಆದ್ದರಿಂದ ಮುಲಾಜಿಲ್ಲದೆ ಬರೆಯುತ್ತೇನೆ. ಆ ಪಟ್ಟಿಯನ್ನು ಬದಿಗಿಡು. ರೂನ್‌ಗಳನ್ನೇ ಬಿಡು ಎನ್ನುತ್ತಿಲ್ಲ. ರೋಗಿಗಾಗಿ ಅವುಗಳನ್ನು ಕೆತ್ತಿದ ಜನ ನಿಜಕ್ಕೂ ಇದ್ದರು. ಅವರು ಮಾಡಿದ್ದು ಬೇರೆಯೇ ಕೆಲಸ, ಮತ್ತು ಆ ಕೆಲಸವನ್ನು ನೀನು ತಿಳಿಯಬೇಕೆಂಬುದು ನನ್ನ ಆಸೆ.

ಡೆನ್ಮಾರ್ಕಿನಲ್ಲಿ ರೀಬೆ ಎಂಬ ಹಳೆಯ ಪಟ್ಟಣವಿದೆ. ಅಲ್ಲಿ ಸಿಕ್ಕಿದ ಒಂದು ಪೈನ್ ಮರದ ಕಡ್ಡಿ ಸುಮಾರು 1300ರ ಕಾಲದ್ದು. ಅದರ ಪಕ್ಕೆಗಳ ಮೇಲೆಲ್ಲ ರೂನ್‌ಗಳಲ್ಲಿ ಒಂದು ಉದ್ದನೆಯ ಪ್ರಾರ್ಥನೆ ಕೆತ್ತಿದೆ. ಕೆತ್ತಿದವನು ಭೂಮಿಯನ್ನು ಬೇಡುತ್ತಾನೆ, ಮೇಲಿನ ಆಕಾಶವನ್ನು ಬೇಡುತ್ತಾನೆ, ಸೂರ್ಯನನ್ನು, ಸಂತ ಮೇರಿಯನ್ನು, ದೇವರನ್ನು ಬೇಡುತ್ತಾನೆ. ಏನನ್ನು? ವೈದ್ಯನ ಕೈಯನ್ನು ಕೊಡು, ಗುಣಪಡಿಸುವ ನಾಲಿಗೆಯನ್ನು ಕೊಡು, ನಡುಕದ ಜ್ವರ ಬಂದವನನ್ನು ನಾನು ವಾಸಿ ಮಾಡಬೇಕು ಎಂದು. ಆಮೇಲೆ ರೋಗವನ್ನು ಹೊರಗಟ್ಟಲು ಮೈಯನ್ನೆಲ್ಲ ಒಂದೊಂದಾಗಿ ಹೆಸರಿಸುತ್ತಾನೆ: ಬೆನ್ನಿನಿಂದ, ಎದೆಯಿಂದ, ಕೈಕಾಲುಗಳಿಂದ, ಕಣ್ಣುಗಳಿಂದ, ಕಿವಿಗಳಿಂದ, ಕೇಡು ಒಳಹೊಕ್ಕಬಹುದಾದ ಎಲ್ಲ ಕಡೆಯಿಂದ. ರೋಗಿಯ ಮೇಲೆ ಕೈಯಿಟ್ಟು ಕೂರುವ ನಿನಗೆ ಈ ಕಡ್ಡಿಗಿಂತ ಹತ್ತಿರದ ನಂಟು ರೂನ್‌ಗಳ ಲೋಕದಲ್ಲಿ ಇನ್ನೊಂದಿಲ್ಲ ಎಂದೇ ನನ್ನ ಭಾವನೆ. ಇದರಲ್ಲಿ ಶಕ್ತಿಚಿಹ್ನೆ ಎಂಬುದೇ ಇಲ್ಲ, ಗಮನಿಸು. ಇರುವುದು ಮಾತು. ರೋಗಕ್ಕೊಂದು ಹೆಸರು, ಮೈಗೊಂದು ಹೆಸರು, ದೇವರಿಗೊಂದು ಹೆಸರು. ರೂನ್‌ಗಳು ಆ ಮಾತನ್ನು ಹೊತ್ತ ಲಿಪಿ.

ಅದೇ ಊರಿನಲ್ಲಿ ಇದಕ್ಕಿಂತ ಸುಮಾರು ಆರು ಶತಮಾನ ಹಿಂದಿನ, ಎಂಟನೆಯ ಶತಮಾನದ ಮೊದಲ ಭಾಗದ ಒಂದು ತಲೆಬುರುಡೆಯ ತುಣುಕೂ ಸಿಕ್ಕಿದೆ. ಅದರ ಮೇಲಿನ ಸಾಲುಗಳ ಓದಿನಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಆದರೆ ಓಡಿನ್ ದೇವರ ಹೆಸರಿದೆ, ಒಂದು ನೋವಿನ ವಿರುದ್ಧ ಸಹಾಯ ಬೇಡಿದಂತಿದೆ, ಕಾಯಿಲೆ ತರುವ ಕುಳ್ಳನ ಪ್ರಸ್ತಾಪವೂ ಇದೆ. ಅಲ್ಲೂ ಮಾತೇ. ಕ್ರೈಸ್ತಧರ್ಮ ಬಂದು ಹಳೆಯ ದೇವರು ಓಡಿನ್ ಹೋಗಿ ಮೇರಿ ಬಂದರೂ ಕೆತ್ತುವ ರೀತಿ ಬದಲಾಗಲಿಲ್ಲ.

ಈಗ ನಿನ್ನ ಪಟ್ಟಿಗೆ ಬರುತ್ತೇನೆ. ಮೂಲಾಧಾರಕ್ಕೆ ‘ಥುರಿಸಾಜ್’ ಇಟ್ಟು, ಹೆಣ್ಣುಮಕ್ಕಳ ಮುಟ್ಟಿನ ನೋವಿಗೆ ಒಳ್ಳೆಯದು ಎಂದು ಪಕ್ಕದಲ್ಲಿ ಬರೆದಿದ್ದೀಯ. ರೂನ್‌ಗಳ ಹೆಸರುಗಳನ್ನು ವಿವರಿಸುವ ಹಳೆಯ ಪದ್ಯಗಳು ಮೂರು ಉಳಿದಿವೆ: ಇಂಗ್ಲೆಂಡಿನದೊಂದು, ನಾರ್ವೆಯದೊಂದು, ಐಸ್‌ಲ್ಯಾಂಡಿನದೊಂದು. ಈ ರೂನ್ ನಾರ್ವೆ ಮತ್ತು ಐಸ್‌ಲ್ಯಾಂಡ್‌ಗಳ ಪದ್ಯಗಳಲ್ಲಿ ದೈತ್ಯ. ನಾರ್ವೆಯ ಪದ್ಯ ಅವನು ಹೆಂಗಸರಿಗೆ ಕಾಯಿಲೆ ತರುತ್ತಾನೆ ಎನ್ನುತ್ತದೆ. ಐಸ್‌ಲ್ಯಾಂಡಿನದು ಅವನನ್ನು ಹೆಂಗಸರ ಯಾತನೆ ಎಂದೇ ಕರೆಯುತ್ತದೆ. ಅನಾಹತದ ಮೇಲೆ ರಕ್ಷೆಗೆಂದು ನೀನಿಟ್ಟ ‘ಅಲ್ಗಿಜ್’ ಇಂಗ್ಲೆಂಡಿನ ಪದ್ಯದಲ್ಲಿ ಜವುಗಿನಲ್ಲಿ ಬೆಳೆಯುವ, ಹಿಡಿದವನ ಕೈ ಕುಯ್ದು ರಕ್ತ ಹರಿಸುವ ಹುಲ್ಲು. ನೀನು ನೋಡಿದ ಪಟ್ಟಿಗಳನ್ನು ಮಾಡಿದವರು ಈ ಪದ್ಯಗಳನ್ನು ಓದಿರಲಿಕ್ಕಿಲ್ಲ, ಓದಿದ್ದರೆ ಅನುಕೂಲವಾದದ್ದನ್ನಷ್ಟೇ ಇಟ್ಟುಕೊಂಡಿದ್ದಾರೆ. ರೂನ್ ಕಲ್ಲುಗಳ ಜೋಳಿಗೆಯಲ್ಲಿ ಬರುವ, ಏನೂ ಕೆತ್ತಿರದ ಆ ‘ಖಾಲಿ ರೂನ್’ ಅಂತೂ 1980ರ ದಶಕದಲ್ಲಿ ಅಮೆರಿಕದಿಂದ ಹರಡಿದ್ದು; ಅದನ್ನು ಇಂದೇ ತೆಗೆದುಹಾಕು.

ಐಸ್‌ಲ್ಯಾಂಡಿನ ಕವಿ ಎಗಿಲ್‌ನ ಕಥೆ ನಿನಗೆ ಹೇಳಲೇಬೇಕು. ಅವನು ಹತ್ತನೆಯ ಶತಮಾನದವನು, ಕಥೆ ಬರಹಕ್ಕೆ ಇಳಿದದ್ದು ಹದಿಮೂರನೆಯ ಶತಮಾನದಲ್ಲಿ. ಪ್ರಯಾಣದ ನಡುವೆ ಅವನು ಒಬ್ಬ ರೈತನ ಮನೆಯಲ್ಲಿ ತಂಗುತ್ತಾನೆ. ಮಗಳು ಹೆಲ್ಗಾ ಹಾಸಿಗೆ ಹಿಡಿದಿದ್ದಾಳೆ. ರೂನ್ ಕೆತ್ತಿಸಿಯೂ ನೋಡಿದ್ದಾರೆ, ಅವಳ ಸ್ಥಿತಿ ಮತ್ತಷ್ಟು ಹದಗೆಟ್ಟಿದೆ. ಎಗಿಲ್ ಅವಳನ್ನು ಎತ್ತಿಸಿ ಹಾಸಿಗೆ ಹುಡುಕಿದರೆ ರೂನ್‌ಗಳಿರುವ ತಿಮಿಂಗಿಲದ ಎಲುಬು ಸಿಗುತ್ತದೆ. ನೆರೆಯ ಹುಡುಗನೊಬ್ಬ ಅರೆಬರೆ ಕಲಿತು ಕೆತ್ತಿದ್ದು. ಎಗಿಲ್ ಆ ಅಕ್ಷರಗಳನ್ನು ಕೆರೆದು ಬೆಂಕಿಗೆ ಹಾಕುತ್ತಾನೆ, ಎಲುಬನ್ನೂ ಸುಡುತ್ತಾನೆ, ಹಾಸಿಗೆಬಟ್ಟೆಗೆ ಗಾಳಿ ಹಾಯಿಸುತ್ತಾನೆ, ಆಮೇಲೆ ಹೊಸದಾಗಿ ಕೆತ್ತಿ ದಿಂಬಿನ ಕೆಳಗಿಡುತ್ತಾನೆ. ಓದಿ ಅರ್ಥಮಾಡಿಕೊಳ್ಳಲು ಬಾರದವನು ರೂನ್ ಕೆತ್ತಬಾರದು ಎಂದು ಪದ್ಯ ಹೇಳುತ್ತಾನೆ. ಹಾಸಿಗೆಬಟ್ಟೆಗೆ ಗಾಳಿ ಹಾಯಿಸಿದ್ದನ್ನು ಕಥೆ ಹೇಳಿದವನು ಬಿಟ್ಟಿಲ್ಲ ಎಂಬುದು ನನಗೆ ಬಹಳ ಇಷ್ಟ.

ಚಕ್ರಗಳ ಮಾತಿಗೆ ಬಂದರೆ, ನಮ್ಮ ತಂತ್ರಗ್ರಂಥಗಳಲ್ಲಿ ಆ ಕಮಲಗಳ ದಳಗಳು ಖಾಲಿ ಇಲ್ಲವಲ್ಲ. ಮೂಲಾಧಾರದ ನಾಲ್ಕು ದಳಗಳಲ್ಲಿ ವ, ಶ, ಷ, ಸ. ಆಮೇಲೆ ಮೇಲಿನ ಚಕ್ರಗಳಲ್ಲಿ ಆರು, ಹತ್ತು, ಹನ್ನೆರಡು, ಹದಿನಾರು, ಆಜ್ಞಾಚಕ್ರದಲ್ಲಿ ಎರಡು. ಒಟ್ಟು 50 ಅಕ್ಷರಗಳು, ಇಡೀ ವರ್ಣಮಾಲೆಯೇ ದೇಹದೊಳಗೆ. ಅಕ್ಷರಕ್ಕೆ ಶಕ್ತಿಯಿದೆ ಎಂದು ನಂಬುವವರಿಗೆ ಅದಕ್ಕಿಂತ ಪೂರ್ಣವಾದ ಕಲ್ಪನೆ ಬೇಕೆ? ಅಲ್ಲಿ ಉತ್ತರ ಯುರೋಪಿನ ಅಕ್ಷರಗಳನ್ನು ತಂದು ಕೂರಿಸಿದರೆ ಎರಡೂ ಪರಂಪರೆಗಳಿಗೆ ಅನ್ಯಾಯ.

ರೂನ್‌ನಿಂದ ‘ಶಕ್ತಿ ಹರಿಯುತ್ತದೆ’ ಎಂಬ ಭಾಷೆ ಎಲ್ಲಿಂದ ಬಂತು ಎಂಬುದನ್ನೂ ತಿಳಿದುಕೋ. ವಿಯೆನ್ನಾದ ಗೀಡೊ ಫಾನ್ ಲಿಸ್ಟ್ 1902ರಲ್ಲಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿ ತಿಂಗಳುಗಟ್ಟಲೆ ಕತ್ತಲಲ್ಲಿದ್ದಾಗ 18 ರೂನ್‌ಗಳು ತನಗೆ ಪ್ರಕಟವಾದವು ಎಂದ. ಅವನ ನಂತರ ಜರ್ಮನಿಯಲ್ಲಿ ಫ್ರೀಡ್ರಿಶ್ ಮಾರ್ಬಿ, ರೂನ್‌ಗಳ ಆಕಾರದಲ್ಲಿ ಮೈಯನ್ನು ನಿಲ್ಲಿಸಿ ವಿಶ್ವದ ಶಕ್ತಿಯನ್ನು ಸೆಳೆಯುವ ವ್ಯಾಯಾಮ ಕಲಿಸಿದ. ಲಿಸ್ಟ್‌ನದು ಆರ್ಯ ಜನಾಂಗದ ಶ್ರೇಷ್ಠತೆಯ ಬೋಧನೆ. ಅದೇ ಗಾಳಿಯಲ್ಲಿ ನಾಜಿಗಳು ರೂನ್‌ಗಳನ್ನು ಎತ್ತಿಕೊಂಡರು. ಮಾರ್ಬಿಯನ್ನೂ ಕೊನೆಗೆ ಅವರೇ ಸೆರೆಶಿಬಿರಕ್ಕೆ ತಳ್ಳಿದರು. ನಿನ್ನ ಪಟ್ಟಿಯಲ್ಲಿ ಮಣಿಪೂರಕ್ಕೆ ‘ಸೋವಿಲೊ’ವನ್ನು ಎರಡು ಬಾರಿ ಜೊತೆಜೊತೆಯಾಗಿ ಬರೆದಿದ್ದೀಯ, ಬಲ ಇಮ್ಮಡಿಯಾಗಲಿ ಎಂದು. ಆ ಜೋಡಿ ನಾಜಿಗಳ ಎಸ್‌ಎಸ್ ಪಡೆಯ ಲಾಂಛನ. ಜರ್ಮನಿಯಲ್ಲಿ ಅದನ್ನು ಪ್ರದರ್ಶಿಸುವುದು ಅಪರಾಧ. ನೀನು ಆನ್‌ಲೈನ್‌ನಲ್ಲಿ ಭೇಟಿಯಾಗುವವರಲ್ಲಿ ಆ ದೇಶದಲ್ಲಿರುವ ಕನ್ನಡಿಗರೂ ಇದ್ದಾರೆ. ಆ ಚಿತ್ರ ಅವರ ಮೊಬೈಲ್‌ಗೆ ಹೋಗಬಾರದು. ನಮ್ಮ ಸ್ವಸ್ತಿಕಕ್ಕೆ ಅಲ್ಲಿ ಏನಾಯಿತೆಂದು ಗೊತ್ತಿರುವ ನಮಗೆ ಇದು ಬೇಗ ಅರ್ಥವಾಗಬೇಕು.

ಹಾಗಾದರೆ ಏನು ಮಾಡಲಿ ಎಂದು ಕೇಳುತ್ತೀಯ. ಲಿಪಿಯನ್ನು ಕಲಿ. ವೈಕಿಂಗರ ಕಾಲದ ರೂನ್‌ಮಾಲೆಯಲ್ಲಿ ಇರುವುದೇ 16 ಅಕ್ಷರ. ಕಲಿಯಲು ಹೆಚ್ಚು ಸಮಯ ಬೇಕಿಲ್ಲ. ಬಂದವರು ಒಪ್ಪಿದರೆ, ಒಂದು ತೆಳುವಾದ ಮರದ ಪಟ್ಟಿಯ ಮೇಲೆ ಅವರ ಹೆಸರನ್ನು ಕೆತ್ತು, ನೋವನ್ನು ಅದರ ಹೆಸರಿನಿಂದಲೇ ಕೆತ್ತು, ನೀನು ಬೇಡುವುದನ್ನು ಬೇಡು. ಕೆತ್ತಿದ್ದನ್ನು ಅವರಿಗೆ ಓದಿ ಹೇಳು. ಕೆತ್ತುವಷ್ಟು ಹೊತ್ತು ನೀನು ಆ ಒಬ್ಬರ ಬಗ್ಗೆ ಮಾತ್ರ ಯೋಚಿಸುತ್ತಿರುತ್ತೀಯ. ನಿನ್ನ ಬಳಿ ಬರುವವರಿಗೆ ಸಿಗುವ ಸಮಾಧಾನ ಅಲ್ಲಿಂದಲೇ ಬರುತ್ತದೆ ಎಂದು ನನ್ನ ನಂಬಿಕೆ.

ಸಮಾಧಾನ ಎಂದೆ, ಚಿಕಿತ್ಸೆ ಎನ್ನಲಿಲ್ಲ. ರೂನ್ ಕಾಯಿಲೆ ವಾಸಿ ಮಾಡುತ್ತದೆ ಎನ್ನಲು ಯಾವ ವೈದ್ಯಕೀಯ ಆಧಾರವೂ ಇಲ್ಲ. ರೇಖಿಗೂ ಗಟ್ಟಿಯಾದ ಆಧಾರ ಸಿಕ್ಕಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ಬಿಡಬಹುದೇ ಎಂದು ನಿನ್ನನ್ನು ಕೇಳಿದ ಆ ಹೆಂಗಸಿಗೆ, ಬಿಡಬಾರದು, ವೈದ್ಯರನ್ನು ಕೇಳದೆ ಒಂದು ಹೊತ್ತಿನದೂ ತಪ್ಪಿಸಬಾರದು ಎಂದು ಇವತ್ತೇ ಫೋನ್ ಮಾಡಿ ಹೇಳು. 16 ಅಕ್ಷರಗಳನ್ನು ಅವುಗಳ ಉಚ್ಚಾರಣೆಯೊಂದಿಗೆ ಕನ್ನಡದಲ್ಲಿ ಬರೆದು ಈ ವಾರ ಕಳಿಸುತ್ತೇನೆ.

ನಿನ್ನ,
ರಾಘು