ಮಗಳಿಗೊಂದು ಪತ್ರ: ಅವನಿಗೆ ಲಾಯರ್ ಯಾಕೆ ಅಂದೆಯಲ್ಲ

ಪ್ರೀತಿಯ ಪುಟ್ಟಿ,

ಮೊನ್ನೆ ರಾತ್ರಿ ಸುದ್ದಿ ನೋಡುತ್ತಾ ನೀನು ಕೇಳಿದೆ, "ಅವನೇ ಮಾಡಿದ್ದು ಅಂತ ಎಲ್ಲರಿಗೂ ಗೊತ್ತು, ಮತ್ತೆ ಅವನಿಗೆ ಲಾಯರ್ ಯಾಕಪ್ಪಾ?" ನಾನು ರಿಮೋಟ್ ಹುಡುಕುವ ನೆಪ ಮಾಡಿ ಸುಮ್ಮನಾದೆ. ಬಾಯಲ್ಲಿ ಹೇಳಲು ಹೋದರೆ ನನ್ನದು ಭಾಷಣ ಆಗುತ್ತದೆ, ನೀನು ಅರ್ಧಕ್ಕೇ ಎದ್ದು ಹೋಗುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನನ್ನದೇ ಕಥೆ. ನೀನು ಹುಟ್ಟುವ ಮೊದಲು ಒಂದು ಅಪಘಾತದ ಕೇಸಿನಲ್ಲಿ ನಾನು ಸಾಕ್ಷಿ ಹೇಳಿದ್ದೆ. ಕಾರು ಬಂದು ಬೈಕಿಗೆ ಗುದ್ದಿದ್ದನ್ನು ಕಣ್ಣಾರೆ ಕಂಡಿದ್ದೇನೆ ಅಂತ ಧೈರ್ಯವಾಗಿಯೇ ಕಟಕಟೆ ಹತ್ತಿದೆ. ಕಾರಿನವನ ಲಾಯರ್ ಪಾಟೀಸವಾಲಿಗೆ ಎದ್ದರು. ಕೂಗಾಡಲಿಲ್ಲ, ಮೇಜು ಗುದ್ದಲಿಲ್ಲ, ಅದೆಲ್ಲ ಸಿನಿಮಾದವರಿಗೆ. ನಾನು ಎಲ್ಲಿ ನಿಂತಿದ್ದೆ, ಮುಖ ಯಾವ ಕಡೆ ಇತ್ತು, ಆ ಹೊತ್ತಿಗೆ ಯಾರ ಜೊತೆ ಮಾತಾಡುತ್ತಿದ್ದೆ ಅಂತ ಒಂದೊಂದಾಗಿ ಕೇಳಿದರು. ಆಮೇಲೆ ಮೆಲ್ಲಗೆ, "ಗುದ್ದಿದ್ದನ್ನು ನೋಡಿದಿರಾ, ಇಲ್ಲ ಸದ್ದು ಕೇಳಿ ತಿರುಗಿದಿರಾ?" ಅಂದರು. ನನ್ನ ಬಾಯಿ ಕಟ್ಟಿತು. ನಾನು ತಿರುಗಿದ್ದೇ ಸದ್ದು ಕೇಳಿದ ಮೇಲೆ! ನೋಡಿದ್ದು ಬಿದ್ದ ಬೈಕು, ನಿಂತ ಕಾರು, ಅಷ್ಟೇ. ನಡುವೆ ಆಗಿದ್ದನ್ನು ನನ್ನ ತಲೆಯೇ ಸೇರಿಸಿಕೊಂಡಿತ್ತು, ಕಂಡಕಂಡವರಿಗೆಲ್ಲ ಹೇಳಿ ಹೇಳಿ ನನಗೇ ನಂಬಿಕೆ ಬಂದುಬಿಟ್ಟಿತ್ತು. ನಾನು ಬೇಕಂತ ಸುಳ್ಳು ಹೇಳಿರಲಿಲ್ಲ ಪುಟ್ಟಿ, ಹೆದರಿಕೆ ಆಗಿದ್ದು ಅದಕ್ಕೇ.

ಆ ಕಡೆ ಲಾಯರ್ ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ನೋಡಬೇಕಾದರೆ ಅಮೆರಿಕದ ಕ್ಲಾರೆನ್ಸ್ ಗಿಡಿಯನ್ ಎಂಬವನ ಕೇಸು ಓದು. 1961ರಲ್ಲಿ ಫ್ಲೋರಿಡಾದಲ್ಲಿ, ಪೂಲ್ ಅಂತ ಬಿಲಿಯರ್ಡ್ಸ್ ಥರದ ಆಟ ಆಡುವ ಒಂದು ಕಡೆ ಬಾಗಿಲು ಒಡೆದು ನುಗ್ಗಿದ ಅಂತ ಅವನನ್ನು ಹಿಡಿದರು. ನನ್ನ ಹತ್ತಿರ ದುಡ್ಡಿಲ್ಲ, ಒಬ್ಬ ಲಾಯರನ್ನು ಕೊಡಿ ಅಂತ ಕೇಳಿದ. ಮರಣದಂಡನೆ ಆಗಬಹುದಾದ ಕೇಸುಗಳಿಗೆ ಮಾತ್ರ ಹಾಗೆ ಕೊಡುವುದು ಅಂದರು ಜಡ್ಜ್. ಪಾಪ, ತಾನೇ ವಾದ ಮಾಡಿದ, ಸೋತ, 5 ವರ್ಷ ಜೈಲಾಯಿತು. ಅಲ್ಲಿಂದಲೇ ಪೆನ್ಸಿಲಿನಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಬರೆದ. 1963ರಲ್ಲಿ ಆ ಕೋರ್ಟು, ಇಂಥ ದೊಡ್ಡ ಆರೋಪ ಇರುವ ಬಡವನಿಗೆ ಸರ್ಕಾರವೇ ಲಾಯರನ್ನು ಕೊಡಬೇಕು ಅಂತ ಹೇಳಿತು. ಮತ್ತೆ ವಿಚಾರಣೆ ನಡೆಯಿತು. ಈ ಸಲ ಪಕ್ಕದಲ್ಲಿ ಲಾಯರ್ ಇದ್ದರು, ಮುಖ್ಯ ಸಾಕ್ಷಿಯನ್ನು ಬಿಡದೆ ಪ್ರಶ್ನಿಸಿದರು, ಸುಮಾರು ಒಂದು ಗಂಟೆಯಲ್ಲಿ ಜ್ಯೂರಿಯವರು, ಅಂದರೆ ತಪ್ಪಿತಸ್ಥನೋ ಅಲ್ಲವೋ ಹೇಳಲು ಕೂರಿಸಿದ ಸಾಮಾನ್ಯ ಜನ, ಅವನು ತಪ್ಪಿತಸ್ಥನಲ್ಲ ಅಂದುಬಿಟ್ಟರು. ಮನುಷ್ಯ ಅವನೇ, ಆರೋಪವೂ ಅದೇ.

ಸುಪ್ರೀಂ ಕೋರ್ಟಿನಲ್ಲಿ ಗಿಡಿಯನ್ ಪರ ವಾದ ಮಾಡಿದ ಏಬ್ ಫೋರ್ಟಸ್ ಮುಂದೆ ಅದೇ ಕೋರ್ಟಿನ ಜಡ್ಜ್ ಆದರು. ಅವರು ಬರೆದ ಒಂದು ತೀರ್ಪು ನಿನ್ನ ವಯಸ್ಸಿನ ಹುಡುಗನದ್ದು. ಜೆರಾಲ್ಡ್ ಗಾಲ್ಟ್, 15 ವರ್ಷ. 1964ರಲ್ಲಿ ಅರಿಜೋನಾದಲ್ಲಿ, ಪಕ್ಕದ ಮನೆಯವರಿಗೆ ಅಸಹ್ಯವಾಗಿ ಫೋನ್ ಮಾಡಿದ ಅಂತ ದೂರು ಬಂದು ಅವನನ್ನು ಎಳೆದುಕೊಂಡು ಹೋದರು. ಅಪ್ಪ ಅಮ್ಮ ಕೆಲಸಕ್ಕೆ ಹೋಗಿದ್ದರು, ಅವರಿಗೆ ಒಂದು ಚೀಟಿಯನ್ನೂ ಬರೆದಿಡಲಿಲ್ಲ. ಲಾಯರ್ ಇಲ್ಲ. ದೂರು ಕೊಟ್ಟ ಹೆಂಗಸು ಕೋರ್ಟಿಗೆ ಬರಲೇ ಇಲ್ಲ. ಯಾರು ಏನು ಹೇಳಿದರು ಅಂತ ಬರೆದಿಟ್ಟವರೂ ಇಲ್ಲ. ಕೊನೆಗೆ ಅವನಿಗೆ 21 ತುಂಬುವವರೆಗೆ, ಅಂದರೆ ಹೆಚ್ಚೂಕಮ್ಮಿ 6 ವರ್ಷ, ಸುಧಾರಣಾ ಶಾಲೆ! ಅದೇ ತಪ್ಪನ್ನು ದೊಡ್ಡವರು ಮಾಡಿದ್ದರೆ ಹೆಚ್ಚೆಂದರೆ 50 ಡಾಲರ್ ದಂಡ, ಇಲ್ಲವೇ 2 ತಿಂಗಳ ಜೈಲು. ಮಕ್ಕಳ ಕೋರ್ಟು ಅಂದರೆ ಮಕ್ಕಳ ಒಳ್ಳೆಯದಕ್ಕೇ ಇರೋದು, ಅಲ್ಲಿ ಈ ನಿಯಮಗಿಯಮ ಎಲ್ಲ ಯಾಕೆ ಅನ್ನುವುದು ಆಗಿನವರ ವಾದ. ಪ್ರೀತಿಯಿಂದಲೇ ಮಾಡಿದ್ದಂತೆ! 1967ರಲ್ಲಿ ಫೋರ್ಟಸ್ ಆ ವಾದವನ್ನು ಒಪ್ಪಲಿಲ್ಲ. ಆರೋಪ ಏನು ಅಂತ ಮೊದಲೇ ತಿಳಿಸಬೇಕು, ಲಾಯರ್ ಇರಬೇಕು, ಸಾಕ್ಷಿಯನ್ನು ಎದುರಿಗೇ ಪ್ರಶ್ನಿಸಲು ಬಿಡಬೇಕು, ತನ್ನ ವಿರುದ್ಧ ತಾನೇ ಮಾತಾಡುವಂತೆ ಒತ್ತಾಯ ಮಾಡಬಾರದು, ಇವೆಲ್ಲ ಮಕ್ಕಳಿಗೂ ಬೇಕು ಅಂತ ಬರೆದರು. ಹುಡುಗ ಫೋನ್ ಮಾಡಿದ್ದನೋ ಇಲ್ಲವೋ ಅನ್ನುವುದು ಅಲ್ಲಿ ಪ್ರಶ್ನೆಯೇ ಆಗಿರಲಿಲ್ಲ, ಗಮನಿಸಿದೆಯಾ?

ಇನ್ನೊಂದು ಮಾತು, ಬೇಗ ಹೇಳಿ ಮುಗಿಸುತ್ತೇನೆ. ಕ್ರಿಮಿನಲ್ ಕೇಸಿನಲ್ಲಿ ಆರೋಪ ಮಾಡಿದವರೇ ಅದನ್ನು ಸಾಬೀತು ಮಾಡಬೇಕು, ಅದೂ ನ್ಯಾಯವಾದ ಸಂಶಯಕ್ಕೆ ಜಾಗ ಉಳಿಯದ ಹಾಗೆ. ದುಡ್ಡು, ಆಸ್ತಿ, ಒಪ್ಪಂದದಂಥ ಸಿವಿಲ್ ಜಗಳದಲ್ಲಿ ಅಷ್ಟು ಬಿಗಿ ಇಲ್ಲ, ಯಾರ ಮಾತು ಹೆಚ್ಚು ನಂಬುವಂತಿದೆ ಅಂತ ತೂಗಿ ನೋಡುತ್ತಾರೆ. ಅದಕ್ಕೇ ಒಂದೇ ಘಟನೆಯಲ್ಲಿ ಒಬ್ಬನಿಗೆ ಜೈಲು ತಪ್ಪಿ, ಪರಿಹಾರ ಮಾತ್ರ ಕಟ್ಟಬೇಕಾಗಿ ಬರಬಹುದು. ಸುದ್ದಿಯವರು ಇದನ್ನು ಬಿಡಿಸಿ ಹೇಳುವುದು ಕಮ್ಮಿ.

ನಿನ್ನ ಸಿಟ್ಟು ತಪ್ಪು ಅಂತ ನಾನು ಹೇಳಲಾರೆ. ಅವತ್ತು ನಾನು ಕಟಕಟೆ ಇಳಿದು ಬಂದಾಗ ಬೈಕಿನವನ ಹೆಂಡತಿ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ನನ್ನ ಮುಖ ನೋಡಲಿಲ್ಲ. ಆಕೆಗೆ ಏನು ಹೇಳಬೇಕಿತ್ತು ಅಂತ ನನಗೆ ಇವತ್ತಿಗೂ ಹೊಳೆದಿಲ್ಲ.

ಒಂದು ದಿನ ಹೋಗಿ ಕೋರ್ಟಿನಲ್ಲಿ ಹಿಂದೆ ಕೂತು ನೋಡೋಣ. ಸಾಮಾನ್ಯವಾಗಿ ಯಾರು ಬೇಕಾದರೂ ಹೋಗಿ ಕೂರಬಹುದು, ಫೋನ್ ಮಾತ್ರ ಆಫ್ ಮಾಡಬೇಕು. ಜಾಸ್ತಿ ಹೊತ್ತು ಬೇಜಾರೇ, ವಾಯಿದೆ ಮೇಲೆ ವಾಯಿದೆ. ಯಾರಾದರೂ ಪಾಟೀಸವಾಲು ಶುರು ಮಾಡಿದರೆ ಲಾಯರನ್ನು ನೋಡಬೇಡ, ಸಾಕ್ಷಿಯ ಮುಖ ನೋಡು. ನಿನಗೆ ರಜೆ ಇರುವ ದಿನ ಅವರಿಗೂ ರಜೆ ಇರುತ್ತದೆ, ಹಾಗಾಗಿ ಒಂದು ದಿನ ಕ್ಲಾಸ್ ತಪ್ಪಿಸಬೇಕಾಗುತ್ತದೆ. ಅಮ್ಮನಿಗೆ ನಾನು ಹೇಳುತ್ತೇನೆ.

ಅಪ್ಪ