ಕಾಗದ ಬರೆಯೋಕೇ ಅಕ್ಷರ ಕಲಿತವರು

ಪ್ರೀತಿಯ ಮಂಜ,

ಹೇಗಿದ್ದೀಯೋ? ಗುಂಡಣ್ಣನ ಕೊಡೆ ಇನ್ನೂ ನಿನ್ನ ಹತ್ತಿರಾನೇ ಇದೆಯಾ? ಇರ್ಲಿ, ಎಲ್ಲರ ಮುಂದೆ ಅದು ಬೇಡ.

ಈಚೆಗೆ ನನ್ನ ತಲೆ ಹೊಕ್ಕಿರುವುದು ವಾಯ್ ಭಾಷೆ. ಪಶ್ಚಿಮ ಆಫ್ರಿಕಾದಲ್ಲಿ, ಲೈಬೀರಿಯಾ ಮತ್ತು ಸಿಯೆರಾ ಲಿಯೋನ್ ಗಡಿಯ ಕಡಲ ಕಡೆ ಆಡುವ ಭಾಷೆ. 1830ರ ದಶಕದಲ್ಲಿ ಮೊಮೊಲು ದುವಾಲು ಬುಕೆಲೆ ಎಂಬಾತ ಅದಕ್ಕೊಂದು ಲಿಪಿ ಮಾಡಿದ. ಅಕ್ಷರಗಳು ಕನಸಲ್ಲಿ ಬಂದವಂತೆ. ಬೆಳಿಗ್ಗೆ ಏಳುವಷ್ಟರಲ್ಲಿ ಒಂದಷ್ಟು ಮರೆತೇ ಹೋಗಿದ್ದವು. ಗೆಳೆಯರನ್ನು ಕೂರಿಸಿಕೊಂಡು ಉಳಿದದ್ದನ್ನು ತುಂಬಿಸಿದ. 1849ರಲ್ಲಿ ಸಿಗಿಸ್ಮಂಡ್ ಕೋಲೆ ಎಂಬ ಜರ್ಮನ್ ಪಾದ್ರಿ ಹುಡುಕಿಕೊಂಡು ಹೋದಾಗ ಬುಕೆಲೆಯೇ ಹೇಳಿದ ಕಥೆ ಇದು. ಕನಸಿನ ಭಾಗ ನೀನು ನಂಬಲ್ಲ, ಗೊತ್ತು. ಗೆಳೆಯರ ಭಾಗವನ್ನಾದರೂ ನಂಬು.

ಇನ್ನೂರಕ್ಕೂ ಜಾಸ್ತಿ ಅಕ್ಷರ. ಕ, ಕಿ, ಕು ಮೂರಕ್ಕೂ ಒಂದಕ್ಕೊಂದು ಸಂಬಂಧವೇ ಇಲ್ಲದ ಗುರುತು. ನಮ್ಮ ಕಾಗುಣಿತಕ್ಕೇ ಬೆತ್ತದ ರುಚಿ ಕಂಡ ನೀನು ಅಲ್ಲಿ ಹುಟ್ಟಿದ್ದರೆ ಏನು ಗತಿ! ಹಳೇ ಕಾಗದಗಳಲ್ಲಿ ಪದಗಳ ನಡುವೆ ಜಾಗವೂ ಇರುತ್ತಿರಲಿಲ್ಲ, ದನಿಯ ಏರಿಳಿತಕ್ಕೆ ಗುರುತೂ ಇಲ್ಲ. ಹಾಗಾಗಿ ಓದುವವನು ಸಾಲನ್ನು ಬಾಯಿಬಿಟ್ಟು ಹೇಳಿಕೊಳ್ಳಬೇಕು. ಒಮ್ಮೆ ಎಳೆದು, ಒಮ್ಮೆ ಏರಿಸಿ, ಮತ್ತೆ ಮೊದಲಿಂದ. ಹೇಳುತ್ತಾ ಹೇಳುತ್ತಾ ಥಟ್ಟನೆ ಮಾತು ಬಿಡಿಸಿಕೊಳ್ಳುತ್ತೆ.

1970ರ ದಶಕದಲ್ಲಿ ಸಿಲ್ವಿಯಾ ಸ್ಕ್ರಿಬ್ನರ್ ಮತ್ತು ಮೈಕೆಲ್ ಕೋಲ್ ಎಂಬ ಮನಶ್ಶಾಸ್ತ್ರಜ್ಞರು ಅಲ್ಲಿ ಅಧ್ಯಯನ ಮಾಡಿದರು. ಶಾಲೆಯಲ್ಲಿ ಇಂಗ್ಲಿಷ್, ಕುರಾನ್ ಪಾಠಕ್ಕೆ ಅರಬ್ಬಿ. ವಾಯ್ ಅಕ್ಷರ ಮಾತ್ರ ಮನೆಯವರಿಂದಲೋ ಗೆಳೆಯನಿಂದಲೋ. ಅದರಿಂದ ಸರ್ಟಿಫಿಕೇಟ್ ಇಲ್ಲ, ನೌಕರಿಯೂ ಇಲ್ಲ. ಆದರೂ ಹೆಚ್ಚುಕಮ್ಮಿ ಐವರು ಗಂಡಸರಲ್ಲಿ ಒಬ್ಬನಿಗೆ ಬರುತ್ತಿತ್ತು. ಬರೆಯುತ್ತಿದ್ದದ್ದು ಮುಖ್ಯವಾಗಿ ಕಾಗದ. ಯಾರು ತೀರಿಕೊಂಡರು, ಯಾರಿಗೆ ದುಡ್ಡು ಬೇಕು, ಇಂಥವು. ಜೊತೆಗೆ ಲೆಕ್ಕಪತ್ರ.

ಇದನ್ನು ಓದಿದಾಗಿನಿಂದ ಒಂಥರಾ ಕಸಿವಿಸಿ ಕಣೋ. ನನಗೆ ಕನ್ನಡ ಬರೆಯೋಕೆ ಬರುತ್ತೆ ಅಂತ ಊರಿಗೆಲ್ಲ ಗೊತ್ತು. ರಾಜ್ಯೋತ್ಸವ ಬಂದರೆ ಬರೆಯುತ್ತೇನೆ, ಯಾರಾದರೂ ಹೋದರೆ ಬರೆಯುತ್ತೇನೆ. ಒಬ್ಬರಿಗೇ ಅಂತ ಬರೆದದ್ದು? ನಿನಗೊಂದು ಮೆಸೇಜ್ ಹಾಕೋಣ ಅಂತ ಕೂತರೆ ಕೈ ಓಡಲ್ಲ. 'ಊಟ ಆಯ್ತಾ' ಅಂತ ಒತ್ತಿ ಅಳಿಸಿಬಿಡುತ್ತೇನೆ. ನಾಲ್ಕು ಜನ ನೋಡ್ತಾರೆ ಅಂದರೆ ಮಾತ್ರ ನಿನ್ನ ಮೇಲೆ ಪ್ರೀತಿ ಉಕ್ಕುತ್ತೆ. ನೀನು ಊರು ಬಿಟ್ಟ ಮೇಲೆ ಮನಸ್ಸಿನ ಮಾತು ಆಡೋಕೆ ನನಗೆ ಯಾರೂ ಇಲ್ಲ ಮಂಜ. ಅದನ್ನೂ ಇಲ್ಲೇ ಹೇಳ್ತಿದ್ದೀನಿ ನೋಡು, ಇಷ್ಟು ಜನರ ಮುಂದೆ.

ಸಾಕು, ಜಾಸ್ತಿ ಆಯ್ತು. ನಿನ್ನ ಹೆಂಡತಿ ಓದಿ 'ಇವರಿಗೇನಾಯ್ತು' ಅಂತ ಕೇಳಿದರೆ ಪಿತ್ತ ಅಂತ ಹೇಳು. ಮತ್ತೆ, ವಾಯ್ ಜನ ಕಾಗದದಲ್ಲಿ ದುಡ್ಡಿನ ವಿಷಯಕ್ಕೆ ನಾಚಿಕೊಳ್ಳುತ್ತಿರಲಿಲ್ಲ. ಆ ನಾನೂರು ರೂಪಾಯಿ ಯಾವಾಗ ಕೊಡ್ತೀಯಾ? ಸುಮ್ನೆ ಲೈಕ್ ಒತ್ತಿ ತಪ್ಪಿಸಿಕೊಳ್ಳಬೇಡ.

ಇಂತಿ ನಿನ್ನ,
ಸೀನ